ಬಟ್ಟೆ ಡ್ರೈಯರ್: ಲೈಟ್ ಬರ್ತಿದೆ, ಸ್ಟಾರ್ಟ್ ಆಗ್ತಿಲ್ಲ. ಶುಕ್ರವಾರದೊಳಗೆ ಸರಿ ಆಗ್ಬೇಕು

ತುಂಗಾತೀರ
ಎಲ್ಲರಿಗೂ ನಮಸ್ಕಾರ. ತೀರ್ಥಹಳ್ಳಿ–ಆಗುಂಬೆ ರಸ್ತೇಲಿ ನಮ್ದೊಂದು ಸಣ್ಣ ಹೋಮ್‌ಸ್ಟೇ. ಮಳೆ ಹಿಡಿದ್ರೆ ಬೆಡ್‌ಶೀಟು, ಟವೆಲು ಒಣಗ್ಸೋದೇ ದೊಡ್ಡ ಪಾಡು. ಅದಕ್ಕೇ ಹೋದ ವರ್ಷ ಡ್ರೈಯರ್ ತಗೊಂಡ್ವಿ. ಹಿಂದುಗಡೆ ಪೈಪಿನಿಂದ ಬಿಸಿಗಾಳಿ ಹೊರಗೆ ಬಿಡೋ ಮಾದರಿ, 5.5 ಕೆ.ಜಿ.

ನಿನ್ನೆ ರಾತ್ರಿ ಟವೆಲ್ ಹಾಕಿದ್ದೆ, ಅರ್ಧಕ್ಕೇ ನಿಂತುಹೋಯ್ತು. ಆಮೇಲಿಂದ ಜಪ್ಪಯ್ಯ ಅಂದ್ರೂ ಹೊರಡ್ತಿಲ್ಲ. ಸ್ವಿಚ್ ಹಾಕಿದ್ರೆ ಪ್ಯಾನೆಲ್ ಲೈಟ್ ಬರುತ್ತೆ. ಸ್ಟಾರ್ಟ್ ಒತ್ತಿದ್ರೆ ಒಳಗೆ ‘ಟಿಕ್’ ಅನ್ನುತ್ತೆ, ಅಷ್ಟೇ. ಡ್ರಮ್ ತಿರುಗಲ್ಲ, ಗುಂಯ್ ಅನ್ನೋ ಸದ್ದೂ ಇಲ್ಲ. ಸರ್ವೀಸ್‌ನವರು ಶಿವಮೊಗ್ಗದಿಂದ ಬರ್ಬೇಕಂತೆ, ಮುಂದಿನ ವಾರ ನೋಡೋಣ ಅಂತಾರೆ. ಶುಕ್ರವಾರ ಗೆಸ್ಟ್ ಇದಾರೆ. ಮನೇಲಿ ಮಲ್ಟಿಮೀಟರ್ ಇದೆ, ಸ್ಕ್ರೂ ಬಿಚ್ಚೋಕೆ ಹೆದರಿಕೆಯೂ ಇಲ್ಲ. ಎಲ್ಲಿಂದ ಶುರು ಮಾಡ್ಲಿ?

ರಾಯಚೂರ್_ಬಿಸಿಲು
ಅಕ್ಕಾರ, ಅರಿವಿ ಗಂಟ್ ಕಟ್ಟಿ ಇತ್ತ ಕಳಸ್ರಿ. ನಮ್ ಮಾಳಗಿ ಮ್ಯಾಲ ಹತ್ ನಿಮಿಷ ಹಾಕಿದ್ರ ಹಪ್ಪಳ ಆಗ್ತಾವು.

ತುಂಗಾತೀರ
@ರಾಯಚೂರ್_ಬಿಸಿಲು ಕೊರಿಯರ್ ಖರ್ಚು ನಿಮ್ದಾದ್ರೆ ಇವತ್ತೇ ಕಳಿಸ್ತೀನಿ :)

ಕೋಡಿ_ಕಡಲು
ನಮ್ಮನಿ ಡ್ರೈಯರೂ ಹೀಂಗೇ ಆದದ್ದ್ ಮರಾಯ್ರೆ. ಮುಚ್ಚಳ ಹಾಕ್ರೂ ತಿರ್ಗುದಿಲ್ಲ, ಬರೀ ಗುಂಯ್ ಅಂಬುದ್. ಮುಚ್ಚಳದ ಅಡಿಗಿಪ್ಪು ಸ್ವಿಚ್ ಕಾಣಿ, ಬ್ರೇಕ್ ವಯರ್ ಕಾಣಿ.

ಫೇಸ್_ನ್ಯೂಟ್ರಲ್
@ಕೋಡಿ_ಕಡಲು ನೀವು ಹೇಳ್ತಿರೋದು ಸೆಮಿ ಆಟೊಮ್ಯಾಟಿಕ್ ವಾಷಿಂಗ್ ಮಷೀನಿನ ಹಿಂಡೋ ಡಬ್ಬ. ಅದು ನೀರು ಹಿಂಡುತ್ತೆ ಅಷ್ಟೇ. ಮೇಡಂ ಹತ್ರ ಇರೋದು ಬಿಸಿಗಾಳಿಲಿ ಒಣಗಿಸೋ ಮಷೀನು. ನಿಮ್ಮದನ್ನ ಆಮೇಲೆ ನೋಡೋಣ.

ಮೇಡಂ, ನಾನು ಎಲೆಕ್ಟ್ರಿಷಿಯನ್, ಊರು ಶಿವಮೊಗ್ಗ. ಮಷೀನ್ ಬಿಚ್ಚೋಕೆ ಮುಂಚೆ ಗೋಡೆ ಕಡೆ ನೋಡಿ. ಅದು 16 ಆಂಪ್ ಪ್ಲಗ್‌ನಲ್ಲೇ ಇದ್ಯಾ, ಇಲ್ಲ ಎಕ್ಸ್‌ಟೆನ್ಷನ್ ಬೋರ್ಡ್‌ನಲ್ಲಾ? ಈ ಮಷೀನು 2000 ವಾಟ್ ಮೇಲೆ ಎಳೆಯುತ್ತೆ, ಅಂದ್ರೆ ಒಂಬತ್ತು–ಹತ್ತು ಆಂಪ್. ಪ್ಲಗ್ ಪಿನ್ ಕಪ್ಪಾಗಿದ್ರೆ, ಸಾಕೆಟ್ ಕರಗಿದ್ರೆ ಅಲ್ಲೇ ನಿಲ್ಲಿಸಿ. ವೋಲ್ಟೇಜ್ ಎಷ್ಟು ಬರ್ತಿದೆ ಅಳೆದು ಹೇಳಿ. ಮಲೆನಾಡಲ್ಲಿ ಸಂಜೆ ಹೊತ್ತು 170ಕ್ಕೆ ಇಳಿಯೋ ಲೈನ್‌ಗಳನ್ನ ನಾನೇ ನೋಡಿದೀನಿ. ಪ್ಯಾನೆಲ್ ಲೈಟ್ ಉರಿಯೋಕೆ ಅದು ಸಾಕು, ಮೋಟಾರ್ ಎಳೆಯೋಕೆ ಸಾಲಲ್ಲ.

ಹಂಡೆಒಲೆ
ನಮ್ಮ ಕಾಲದಲ್ಲಿ ಇದೆಲ್ಲ ಎಲ್ಲಿತ್ತು? ಬಚ್ಚಲೊಲೆ ಮೇಲೆ ಅಟ್ಟ, ಅಟ್ಟದ ಕೆಳಗೆ ಹಗ್ಗ. ರಾತ್ರಿ ಹಾಕಿದ್ರೆ ಬೆಳಿಗ್ಗೆ ಒಣ. ಮಗುವಿನ ಬಟ್ಟೆಗೆ ಕೆಂಡದ ಮೇಲೆ ಬಿದಿರಿನ ಬುಟ್ಟಿ ಕವುಚಿ ಹಾಕ್ತಿದ್ರು. ಕರೆಂಟೂ ಬೇಡ, ಸರ್ವೀಸ್‌ನವರೂ ಬೇಡ.

ತುಂಗಾತೀರ
@ಹಂಡೆಒಲೆ ಮಾವ, ನಮ್ಮಲ್ಲೂ ಅಟ್ಟ ಇದೆ. ಬೆಂಗಳೂರಿಂದ ಬಂದೋರು ದಿಂಬಿಗೆ ಮೂಗಿಟ್ಟು ‘ಹೊಗೆ ವಾಸನೆ’ ಅಂತ ರಿವ್ಯೂ ಬರೆದು ಎರಡು ಸ್ಟಾರ್ ಕೊಟ್ಟುಹೋಗ್ತಾರೆ.

@ಫೇಸ್_ನ್ಯೂಟ್ರಲ್ ಅಳೆದೆ, 208 ಬರ್ತಿದೆ. ಮಷೀನಿಗೇ ಅಂತ ಬೇರೆ 16 ಆಂಪ್ ಪಾಯಿಂಟ್ ಇದೆ, ಪಿನ್ ಎಲ್ಲ ಸ್ವಚ್ಛ. ಎಂಸಿಬಿ ಬಿದ್ದಿಲ್ಲ. ಅದೇ ಪಾಯಿಂಟಿಗೆ ಇಸ್ತ್ರಿಪೆಟ್ಟಿಗೆ ಹಾಕಿ ನೋಡಿದೆ, ಕಾಯ್ತಿದೆ.

ಲೀಡ್ಸ್_ಕನ್ನಡಿಗ
ಚೈಲ್ಡ್ ಲಾಕ್ ಆನ್ ಆಗಿದ್ಯಾ ನೋಡಿ. ಪ್ಯಾನೆಲ್ ಮೇಲೆ ಬೀಗದ ಚಿತ್ರ ಇದ್ರೆ ಮೂರು ಸೆಕೆಂಡ್ ಒತ್ತಿ ಹಿಡೀಬೇಕು. ಇಲ್ಲಿ ನಮ್ಮ ಮನೇಲಿ ಇರೋದು ಕಂಡೆನ್ಸರ್ ಮಾದರಿ (ಬಟ್ಟೆಯ ಆವೀನ ಒಳಗೇ ನೀರು ಮಾಡಿ ಹಿಡಿಯೋದು), ಅದ್ರಲ್ಲಿ ನೀರಿನ ಟ್ಯಾಂಕ್ ತುಂಬಿದ್ರೂ ಹೊರಡಲ್ಲ. ಇನ್ನೊಂದು, ಈ ದೇಶದ ಪ್ಲಗ್‌ನ ಒಳಗೇ 13 ಆಂಪ್ ಫ್ಯೂಸ್ ಇರುತ್ತೆ, ಮೊದಲು ಅದನ್ನ ಬದಲಿಸೋದು ವಾಡಿಕೆ.

ಫೇಸ್_ನ್ಯೂಟ್ರಲ್
ನಮ್ಮ ಪ್ಲಗ್‌ನಲ್ಲಿ ಫ್ಯೂಸ್ ಇಲ್ಲ ಸ್ವಾಮಿ. ಪೈಪ್ ಮಾದರೀಲಿ ಟ್ಯಾಂಕೂ ಇಲ್ಲ.

ಲೀಡ್ಸ್_ಕನ್ನಡಿಗ
ಗೊತ್ತು ಗೊತ್ತು, ನಾಳೆ ಇನ್ಯಾರಾದ್ರೂ ಈ ಪುಟ ಹುಡುಕ್ಕೊಂಡು ಬರ್ತಾರಲ್ಲ, ಅವರಿಗೆ ಹೇಳಿದ್ದು.

ಪ್ಲಾನೋ_ಪದ್ಮ
ಟೆಕ್ಸಸ್‌ನಿಂದ ನಮಸ್ಕಾರ. ಇಲ್ಲಿ ಮನೆಮನೆಯಲ್ಲೂ ಡ್ರೈಯರ್. ನಮ್ಮ ಕಾಲೊನೀಲಿ ಹೊರಗೆ ಬಟ್ಟೆ ಹರವಿದ್ರೆ ಅಸೋಸಿಯೇಷನ್‌ನಿಂದ ಪತ್ರ ಬರುತ್ತೆ, ಬಿಸಿಲಿಗಂತೂ ಬರ ಇಲ್ಲ!

ತುಂಗಾತೀರ, ನೀವು ಬರೆದಿರೋದ್ರಲ್ಲೇ ಅರ್ಧ ಉತ್ತರ ಇದೆ. ಟಿಕ್ ಅಂದ್ರೆ ಬೋರ್ಡಿನ ರಿಲೇ (ಕರೆಂಟ್ ಬಿಡೋ ಸ್ವಿಚ್ಚು) ಕೆಲಸ ಮಾಡ್ತಿದೆ, ‘ಹೊರಡು’ ಅಂತ ಆಜ್ಞೆ ಹೋಗಿದೆ. ಗುಂಯ್ ಅನ್ನೋ ಸದ್ದಿಲ್ಲ ಅಂದ್ರೆ ಮೋಟಾರಿಗೆ ಕರೆಂಟೇ ತಲುಪ್ತಿಲ್ಲ. ಮೋಟಾರ್ ಹೊರಡೋಕೆ ಬಲ ಕೊಡೋ ಕೆಪಾಸಿಟರ್ ಹೋಗಿದ್ರೆ, ಏನಾದ್ರೂ ಸಿಕ್ಕಿಹಾಕ್ಕೊಂಡಿದ್ರೆ ಮೋಟಾರ್ ಗುಂಯ್‌ಗುಟ್ಟಿ ಒದ್ದಾಡ್ತಿತ್ತು. ಹಾಗಾಗಿ ನಡುವೆ ಎಲ್ಲೋ ದಾರಿ ಕಡಿದಿದೆ. ಆ ದಾರೀಲಿ ಸಾಲಾಗಿ ಇರೋದು ಬಾಗಿಲಿನ ಸ್ವಿಚ್ಚು, ಥರ್ಮಲ್ ಫ್ಯೂಸು (ಬಿಸಿ ಮಿತಿ ಮೀರಿದ್ರೆ ಕರೆಂಟ್ ಕಡಿಯೋದು), ಕೆಲವು ಮಾದರೀಲಿ ಬೆಲ್ಟ್ ಸ್ವಿಚ್ಚು (ಬೆಲ್ಟ್ ಹೋದ್ರೆ ನಿಲ್ಲಿಸೋದು), ಕೊನೆಗೆ ಮೋಟಾರಿನದ್ದೇ ಓವರ್‌ಲೋಡ್ (ಮೋಟಾರ್ ಕಾದ್ರೆ ಕಡಿಯೋದು). ನಾನಾಗಿದ್ರೆ ಥರ್ಮಲ್ ಫ್ಯೂಸ್ ಮೇಲೆ ದುಡ್ಡು ಕಟ್ತಿದ್ದೆ. ಮಧ್ಯದಲ್ಲಿ ನಿಂತದ್ದು, ಅದೂ ಟವೆಲ್ ಲೋಡ್‌ನಲ್ಲಿ.

ಕಾಪಿತೋಟ_ಮೂಡಿಗೆರೆ
ಫ್ಯೂಸ್ ಮೇಲೆ ದುಡ್ಡು ಕಟ್ಟೋ ಮುಂಚೆ ಹಿಂದಿನ ತಗಡು ಬಿಚ್ಚಿ ಟಾರ್ಚ್ ಬಿಡಿ. ನಮ್ಮಲ್ಲಿ ಒಂದು ಸಲ ಹೀಗೇ ಟಿಕ್ ಟಿಕ್. ಬಂದ ಹುಡುಗ ಬೋರ್ಡ್ ಹೋಗಿದೆ, ಹೊಸದು ಹಾಕ್ಬೇಕು ಅಂದ. ಬಿಚ್ಚಿ ನೋಡಿದ್ರೆ ಬಾಗಿಲಿನ ಸ್ವಿಚ್ ಒಳಗೆ ಇರುವೆ ಮನೆ ಮಾಡಿತ್ತು. ಮೊಟ್ಟೆ ಸಮೇತ. ಬ್ರಷ್ ಆಡಿಸಿದೆ, ಇವತ್ತಿಗೂ ಓಡ್ತಿದೆ. ಬೋರ್ಡ್ ಮೇಲೆ ಹಲ್ಲಿ ಸುಟ್ಟು ಕರಕಲಾದದ್ದೂ ಉಂಟು, ಇಲಿ ವೈರ್ ಕಡಿದದ್ದೂ ಉಂಟು. ಮಲೆನಾಡಿಗೆ ಮಷೀನ್ ಮಾಡೋರು ಇವುಗಳನ್ನ ಲೆಕ್ಕಕ್ಕೇ ತಗೊಂಡಿಲ್ಲ.

ಅಡಿಕೆ_ಚಪ್ಪರ
ಇರುವೆಗೆ ಅದರೊಳಗೆ ಅಂಥದ್ದೇನು ಸಿಗುತ್ತೆ ಅಂತ?

ಕಾಪಿತೋಟ_ಮೂಡಿಗೆರೆ
ಬೆಚ್ಚಗಿರುತ್ತೆ. ಜುಲೈನಲ್ಲಿ ನಮ್ಮೂರಲ್ಲಿ ಬೆಚ್ಚಗಿರೋ ಜಾಗ ಅದೊಂದೇ.

ತುಂಗಾತೀರ
ಚೈಲ್ಡ್ ಲಾಕ್ ಇಲ್ಲ. ಬಾಗಿಲು ‘ಕಟಕ್’ ಅಂತ ಸರಿಯಾಗಿ ಕೂರುತ್ತೆ. ಕೈಯಲ್ಲಿ ಡ್ರಮ್ ತಿರುಗಿಸಿದ್ರೆ ಸ್ವಲ್ಪ ಬಿಗಿಯಾಗೇ ತಿರುಗುತ್ತೆ, ಹಾಗಾದ್ರೆ ಬೆಲ್ಟ್ ಇದೆ ಅಂತ ಅಲ್ವಾ? ಈಗ ಹಿಂದಿನ ತಗಡು ಬಿಚ್ತೀನಿ. ಪ್ಲಗ್ ತೆಗೆದಿದೀನಿ, ಹೆದರ್ಬೇಡಿ.

ಫೇಸ್_ನ್ಯೂಟ್ರಲ್
ಹೌದು, ಬೆಲ್ಟ್ ಕಡಿದಿದ್ರೆ ಡ್ರಮ್ ಹಗುರವಾಗಿ ತಿರುಗ್ತಿತ್ತು. ಪ್ಲಗ್ ತೆಗೆದ ಮೇಲೂ ಕೆಪಾಸಿಟರ್ ತುದಿ ಮುಟ್ಬೇಡಿ, ಒಳಗೆ ಚಾರ್ಜ್ ಉಳಿದಿರುತ್ತೆ. ತಗಡಿನ ಅಂಚು ಬ್ಲೇಡಿನ ಹಾಗೆ ಇರುತ್ತೆ, ಗ್ಲೌಸ್ ಹಾಕ್ಕೊಳ್ಳಿ. ಮೀಟರನ್ನ ಬೀಪ್ ಅನ್ನೋ ಕಡೆ ಇಡಿ. ಬಾಗಿಲ ಸ್ವಿಚ್ಚಿನ ಎರಡೂ ವೈರ್ ಕಳಚಿ, ತುದಿಗೆ ಮುಟ್ಟಿಸಿ. ಸ್ವಿಚ್ ಒತ್ತಿದಾಗ ಬೀಪ್ ಬರ್ಬೇಕು, ಬಿಟ್ಟಾಗ ನಿಲ್ಲಬೇಕು. ಬಿಚ್ಚೋಕೆ ಮುಂಚೆ ಪ್ರತಿಯೊಂದರ ಫೋಟೋ ತೆಗೆದಿಟ್ಕೊಳ್ಳಿ.

ಆಮೇಲೆ ಬಿಸಿಗಾಳಿ ಹೊರಗೆ ಹೋಗೋ ದಾರೀಲಿ, ಫ್ಯಾನಿನ ಗೂಡಿನ ಮೇಲೆ, ಎರಡು ವೈರ್ ಇರೋ ಬಿಳೀ ಸಣ್ಣ ತುಂಡು ಕಾಣುತ್ತೆ. ಥರ್ಮಲ್ ಫ್ಯೂಸ್ ಅದೇ. ಅದನ್ನೂ ಹಾಗೇ ನೋಡಿ. ಕೆಲವು ಮಷೀನಲ್ಲಿ ಅದರ ಬದಲು ಒತ್ತೋ ಬಟನ್ ಇರೋ ಕಟ್‌ಔಟ್ ಇರುತ್ತೆ, ತಣ್ಣಗಾದ ಮೇಲೆ ಒತ್ತಿದ್ರೆ ಸಾಕು, ಮತ್ತೆ ಕೂರುತ್ತೆ.

ಹಂಡೆಒಲೆ
ಬಚ್ಚಲೊಲೆಗೆ ಇಷ್ಟೆಲ್ಲ ಬೀಪ್ ಬೇಕಿಲ್ಲ.

ಅಡಿಕೆ_ಚಪ್ಪರ
ಮಾವ, ನಮ್ಮಲ್ಲಿ ಅಡಿಕೆ ಡ್ರೈಯರ್‌ಗೇ ಹೋದ ಮಳೇಲಿ ಕಂಬಳಿ ಹಾಕಿದ್ವಿ. ಚೆನ್ನಾಗೇ ಒಣಗ್ತು. ಆಮೇಲೆ ಕಂಬಳಿ ಹೊದ್ದೋರಿಗೆಲ್ಲ ಎಲೆ–ಸುಣ್ಣ ಬೇಕು ಅನ್ನಿಸ್ತಿತ್ತು.

ಪ್ಲಾನೋ_ಪದ್ಮ
😂😂

ತುಂಗಾತೀರ
ಸರಿ, ವರದಿ ಕೇಳಿ. ಬಾಗಿಲಿನ ಸ್ವಿಚ್ ಬೀಪ್ ಅಂತಿದೆ, ಬಿಟ್ರೆ ನಿಲ್ತಿದೆ. ಇರುವೆ ಇಲ್ಲ, ಒಂದು ಸತ್ತ ಜಿರಳೆ ಇತ್ತು, ಪಾಪ. ಫ್ಯಾನಿನ ಗೂಡಿನ ಮೇಲೆ ಬಿಳೀ ತುಂಡು ಸಿಕ್ತು, ಹೆಬ್ಬೆರಳ ಉಗುರಿಗಿಂತ ಸ್ವಲ್ಪ ದೊಡ್ಡದು. ಎರಡೂ ವೈರ್ ಕಳಚಿ ಮುಟ್ಟಿಸಿದ್ರೆ ಬೀಪ್ ಇಲ್ಲ. ಬಟನ್ನೂ ಇಲ್ಲ. ಪಕ್ಕದಲ್ಲೇ ಅದೇ ಥರದ ಇನ್ನೊಂದಿದೆ, ದುಂಡಗಿದೆ, ಅದು ಬೀಪ್ ಅಂತಿದೆ.

ಪ್ಲಾನೋ_ಪದ್ಮ
ಅದೇ! ಬೀಪ್ ಬಾರದ್ದು ಥರ್ಮಲ್ ಫ್ಯೂಸ್, ಸುಟ್ಟಿದೆ. ದುಂಡಗಿರೋದು ಥರ್ಮೋಸ್ಟಾಟ್. ಅದು ಬಿಸಿ ಹೆಚ್ಚಾದ್ರೆ ಬಿಡಿಸ್ಕೊಂಡು, ತಣ್ಣಗಾದ್ರೆ ತಾನೇ ಕೂಡ್ಕೊಳ್ಳುತ್ತೆ. ಫ್ಯೂಸ್ ಹಾಗಲ್ಲ, ಒಂದು ಸಲ ಹೋದ್ರೆ ಹೋಯ್ತು, ಬದಲಿಸಲೇಬೇಕು.

ಜುಗಾಡ್_ಜಗ್ಗ
ಅಷ್ಟೇನಾ? ಎರಡು ವೈರ್ ಸೇರಿಸಿ ಟೇಪ್ ಸುತ್ತಿ. ಶುಕ್ರವಾರದ ಕೆಲಸ ಮುಗೀತು. ಇಲ್ಲಾಂದ್ರೆ ಹಳೇ ರೈಸ್ ಕುಕ್ಕರ್ ಬಿಚ್ಚಿ ಅದರ ಫ್ಯೂಸ್ ತೆಗೆದು ಹಾಕಿ. ನಮ್ಮ ಏರಿಯಾದಲ್ಲಿ ಎಲ್ರೂ ಅದೇ ಮಾಡೋದು.

ಫೇಸ್_ನ್ಯೂಟ್ರಲ್
@ಜುಗಾಡ್_ಜಗ್ಗ ದಯವಿಟ್ಟು ಇಂಥದ್ದು ಬರೀಬೇಡಿ. ರೈಸ್ ಕುಕ್ಕರ್ ಫ್ಯೂಸ್ ಸಾಮಾನ್ಯವಾಗಿ 160 ಡಿಗ್ರಿ ಮೇಲಿನದು. ಗಾಳಿ ಹೊರಗೆ ಹೋಗೋ ಜಾಗದಲ್ಲಿ ಅಷ್ಟು ಬಿಸಿ ಆಗೋ ಹೊತ್ತಿಗೆ ಬಟ್ಟೆಯಿಂದ ಉದುರಿ ಒಳಗೆ ಕೂತ ಹತ್ತಿ ಎಳೆ ಹೊಗೆ ಆಡ್ತಿರುತ್ತೆ. ಹೋಮ್‌ಸ್ಟೇ ಅದು, ಮೇಲ್ಗಡೆ ಜನ ಮಲಗಿರ್ತಾರೆ.

ಜುಗಾಡ್_ಜಗ್ಗ
ಟೆಸ್ಟ್ ಮಾಡೋಕಾದ್ರೂ ಐದು ನಿಮಿಷ ಸೇರಿಸ್ಬಹುದಲ್ವಾ ಗುರು. ಮೆಕ್ಯಾನಿಕ್‌ಗಳೇ ಮಾಡ್ತಾರೆ.

ಫೇಸ್_ನ್ಯೂಟ್ರಲ್
ಟೆಸ್ಟ್ ಮೀಟರ್‌ನಲ್ಲೇ ಆಯ್ತಲ್ಲ, ಬೀಪ್ ಬಂದಿಲ್ಲ. ಇನ್ನೇನು ಟೆಸ್ಟು? ‘ಐದು ನಿಮಿಷ’ ಅಂತ ಸೇರಿಸಿದ ವೈರನ್ನ ಎರಡು ವರ್ಷ ಆದ್ಮೇಲೆ ನಾವು ಹೋಗಿ ಬಿಚ್ತೀವಿ.

ಪ್ಲಾನೋ_ಪದ್ಮ
ಜಗ್ಗಣ್ಣ, ಇಲ್ಲಿ ಅಮೆರಿಕದ ಅಗ್ನಿಶಾಮಕ ಆಡಳಿತದ ಅಂದಾಜಿನ ಪ್ರಕಾರ ವರ್ಷಕ್ಕೆ ಸುಮಾರು 2,900 ಮನೆಗಳಲ್ಲಿ ಡ್ರೈಯರ್‌ನಿಂದ ಬೆಂಕಿ ಹತ್ತುತ್ತೆ. ಮೊದಲನೇ ಕಾರಣ ಕ್ಲೀನ್ ಮಾಡದೇ ಬಿಡೋದು. ನನ್ನ ಮಷೀನಿನ ಆ ಫ್ಯೂಸ್ 196 ಫ್ಯಾರನ್‌ಹೀಟ್, ಅಂದ್ರೆ 91 ಸೆಲ್ಸಿಯಸ್. ಕುಕ್ಕರ್ ಫ್ಯೂಸ್ ಹಾಕೋದೂ ಒಂದೇ, ಹಾಕದೇ ಇರೋದೂ ಒಂದೇ.

ತುಂಗಾತೀರ, ಅದಕ್ಕಿಂತ ಮುಖ್ಯ, ಫ್ಯೂಸ್ ಸುಮ್ಮನೆ ಹೋಗಲ್ಲ. ಗಾಳಿ ಎಲ್ಲೋ ಕಟ್ಟಿಕೊಂಡಿದೆ. ಇತ್ತೀಚೆಗೆ ಬಟ್ಟೆ ಒಣಗೋಕೆ ಮೊದಲಿಗಿಂತ ಜಾಸ್ತಿ ಹೊತ್ತು ಆಗ್ತಿತ್ತಾ? ಪೈಪ್ ಎಷ್ಟು ಉದ್ದ, ಹೊರಗಿನ ಬಾಯಲ್ಲಿ ಏನಿದೆ?

ತುಂಗಾತೀರ
ಬಾಗಿಲ ಹತ್ರದ ಜಾಲರೀನ ಪ್ರತಿ ಲೋಡ್ ಆದ್ಮೇಲೂ ಕ್ಲೀನ್ ಮಾಡ್ತೀವಿ. ಜಾಸ್ತಿ ಹೊತ್ತು ಆಗ್ತಿತ್ತು, ಹೌದು, ಮಳೆ ತಂಡಿಗೆ ಅಂತ ಅಂದ್ಕೊಂಡಿದ್ವಿ. ಪೈಪ್ ಗೋಡೆ ದಾಟಿ ಹೊರಗೆ ಹೋಗುತ್ತೆ, ಒಂದೂವರೆ ಮೀಟರ್ ಇರಬಹುದು. ಹೊರಗಿನ ಬಾಯಿಗೆ ಮೇಸ್ತ್ರಿ ಸೊಳ್ಳೆ ಮೆಶ್ ಹೊಡೆದುಕೊಟ್ಟಿದಾರೆ, ಇಲಿ–ಹಲ್ಲಿ ಬರಬಾರದು ಅಂತ.

ಪ್ಲಾನೋ_ಪದ್ಮ
ಕಳ್ಳ ಸಿಕ್ಕಿಬಿದ್ದ. ಏಣಿ ಇಟ್ಟು ಆ ಮೆಶ್ ನೋಡಿ. ಇಲ್ಲಿ ಡ್ರೈಯರ್ ಪೈಪಿನ ತುದಿಗೆ ಮೆಶ್ ಹಾಕೋದನ್ನ ಮನೆ ಕಟ್ಟೋ ನಿಯಮದಲ್ಲೇ ನಿಷೇಧಿಸಿದಾರೆ. ಒಳಗಿನ ಜಾಲರಿ ತಪ್ಪಿಸಿ ಹೋಗೋ ನಯವಾದ ಹತ್ತಿ ಎಲ್ಲ ಅಲ್ಲಿ ಹೋಗಿ ಕೂರುತ್ತೆ.

ತುಂಗಾತೀರ
ಮಳೆ ಸ್ವಲ್ಪ ಬಿಟ್ಟಿತು, ನಮ್ಮ ಹುಡುಗ ಏಣಿ ಹತ್ತಿ ನೋಡಿದ. ಮೆಶ್ ಕಾಣ್ತಾನೇ ಇಲ್ಲ! ಮೇಲೆ ಒದ್ದೆಯಾಗಿ ಬೂದು ಬಣ್ಣದ ಹತ್ತಿ, ಬೆರಳಿನಷ್ಟು ದಪ್ಪ ಪದರ. ಇಡೀ ಒಂದೇ ತುಂಡಾಗಿ ಸುಲಿದು ಬಂತು. ನಮ್ಮ ನೀಲಿ ಟವೆಲಿನ ಎಳೆ, ಯಾರದ್ದೋ ಕೆಂಪು ಪಂಚೆ ಅಂಚಿನ ಎಳೆ, ಎಲ್ಲ ಗೊತ್ತಾಗುತ್ತೆ ಅದ್ರಲ್ಲಿ. ಪೈಪಿನ ಒಳಗೂ ಕೈ ಹಾಕಿ ತೆಗೆದ್ವಿ. ಸಣ್ಣ ಬಕೆಟ್ ತುಂಬ ಬಂತು.

ಕಾಪಿತೋಟ_ಮೂಡಿಗೆರೆ
ಫೋಟೋ ಹಾಕಿ.

ತುಂಗಾತೀರ
ಹುಡುಗ ಆಗಲೇ ಒಲೆಗೆ ಹಾಕಿಬಿಟ್ಟ. ಭಗ್ ಅಂತ ಉರೀತಂತೆ.

ಫೇಸ್_ನ್ಯೂಟ್ರಲ್
@ಜುಗಾಡ್_ಜಗ್ಗ ಓದಿದ್ರಾ?

ಜುಗಾಡ್_ಜಗ್ಗ
ಓದ್ದೆ ಓದ್ದೆ. ಆದ್ರೂ ಊರಲ್ಲಿ ಆ ಫ್ಯೂಸ್ ಎಲ್ಲಿ ಸಿಗುತ್ತೆ ಹೇಳಿ, ಬರೀ ಬುದ್ಧಿವಾದ ಹೇಳಿದ್ರೆ ಬಟ್ಟೆ ಒಣಗುತ್ತಾ.

ಎಸ್ಪಿರೋಡ್_ಸೀನ
ಈ ಮಾತು ನ್ಯಾಯ. ಅಕ್ಕಾ, ಫ್ಯೂಸ್ ಮೇಲೆ ಬರೆದಿರೋದನ್ನ ಪೂರ್ತಿ ಇಲ್ಲಿ ಹಾಕಿ, ಡಿಗ್ರಿ, ಆಂಪ್, ವೋಲ್ಟ್. ನಾನು ಬೆಂಗಳೂರಲ್ಲಿ ಇರೋದು, ನಾಳೆ ಎಸ್.ಪಿ. ರೋಡ್ ಕಡೆ ಕೆಲಸ ಇದೆ. ಅಂಗಡೀಲಿ ‘ಡ್ರೈಯರ್ ಫ್ಯೂಸ್’ ಅಂದ್ರೆ ಮುಖ ನೋಡ್ತಾರೆ, ‘ಥರ್ಮಲ್ ಕಟ್‌ಆಫ್’ ಅಂದು ಡಿಗ್ರಿ ಹೇಳಿದ್ರೆ ಡಬ್ಬಿ ತೆಗೀತಾರೆ. ಸಿಕ್ಕಿದ್ರೆ ರಾತ್ರಿ ಬಸ್ಸಿಗೆ ಹಾಕಿ ಕಳಿಸ್ತೀನಿ, ಬೆಳಿಗ್ಗೆ ತೀರ್ಥಹಳ್ಳಿ ಸ್ಟ್ಯಾಂಡಲ್ಲಿ ಇಸ್ಕೊಳ್ಳಿ.

ತುಂಗಾತೀರ
ದೇವರು ನಿಮ್ಮನ್ನ ಚೆನ್ನಾಗಿಟ್ಟಿರಲಿ. ನಂಬರೆಲ್ಲ ಮೆಸೇಜಲ್ಲಿ ಕಳಿಸಿದೀನಿ.

ಫೇಸ್_ನ್ಯೂಟ್ರಲ್
ಸೀನಣ್ಣ, ಡಿಗ್ರಿ ಅದೇ ಇರ್ಬೇಕು, ಹೆಚ್ಚೂ ಬೇಡ ಕಮ್ಮಿಯೂ ಬೇಡ. ಆಂಪ್ ಮಾತ್ರ ಅಷ್ಟೇ ಅಥವಾ ಅದಕ್ಕಿಂತ ಮೇಲೆ ಇದ್ರೆ ನಡೆಯುತ್ತೆ. ಎರಡು ತಗೊಳ್ಳಿ, ಒಂದು ಅವರ ಮನೇಲಿ ಇರಲಿ. ಮೇಡಂ, ಹಾಕುವಾಗ ಬೆಸುಗೆ ಹಾಕೋಕೆ ಹೋಗ್ಬೇಡಿ, ಆ ಬಿಸಿಗೇ ಹೊಸ ಫ್ಯೂಸ್ ಸತ್ತುಹೋಗುತ್ತೆ. ಹಳೇದರ ಹಾಗೇ ಕ್ಲಿಪ್‌ಗೆ ಕೂರೋದೇ ಬೇಕು.

ಲೀಡ್ಸ್_ಕನ್ನಡಿಗ
ಒಂದು ಅಡ್ಡ ಮಾತು. ಹೋಮ್‌ಸ್ಟೇ ಅಂದ್ರಿ, ಆಯುರ್ವೇದ ಮಸಾಜ್ ಏನಾದ್ರೂ ಇದ್ಯಾ? ಎಣ್ಣೆ ಹೀರಿದ ಟವೆಲ್‌ಗಳನ್ನ ಡ್ರೈಯರ್‌ಗೆ ಹಾಕ್ಬೇಡಿ. ತೊಳೆದ್ರೂ ಎಣ್ಣೆ ಪೂರ್ತಿ ಹೋಗಿರಲ್ಲ. ಬಿಸಿಯಾಗಿ ರಾಶಿ ಹಾಕಿಟ್ರೆ ಒಳಗೊಳಗೇ ಕಾದು ತಾನಾಗೇ ಹೊತ್ಕೊಳ್ಳುತ್ತೆ. ಇಲ್ಲಿ ಸ್ಪಾಗಳಲ್ಲಿ ಇದನ್ನ ತುಂಬ ಒತ್ತಿ ಹೇಳ್ತಾರೆ.

ಅಡಿಕೆ_ಚಪ್ಪರ
ಹಾಗಾದ್ರೆ ನರಕ ಚತುರ್ದಶಿ ಎಣ್ಣೆ ಸ್ನಾನದ ಟವೆಲ್? ನಮ್ಮ ಮನೇಲಿ ಹನ್ನೆರಡು ಜನ, ಎಲ್ರೂ ಅದೇ ದಿನ.

ಲೀಡ್ಸ್_ಕನ್ನಡಿಗ
ಅದೂ ಅಷ್ಟೇ. ಕೊಬ್ಬರಿ ಎಣ್ಣೆ ಆದ್ರೆ ಅಪಾಯ ಕಮ್ಮಿ, ಎಳ್ಳೆಣ್ಣೆಗೆ ಜಾಸ್ತಿ, ಅಗಸೆ ಎಣ್ಣೆ ಎಲ್ಲಕ್ಕಿಂತ ಕೆಟ್ಟದ್ದು. ಹಾಕಲೇಬೇಕಾದ್ರೆ ಕೊನೇಲಿ ತಣ್ಣನೆ ಗಾಳಿ ಸುತ್ತು ಪೂರ್ತಿ ಮುಗಿಯೋಕೆ ಬಿಡಿ, ಬಿಸಿಬಿಸಿ ಇರುವಾಗ ಮಡಚಿ ಜೋಡಿಸ್ಬೇಡಿ. ಅಕ್ಟೋಬರ್–ನವೆಂಬರ್ ಅಷ್ಟೊತ್ತಿಗೆ ನಿಮಗೆ ಬಿಸಿಲಿರುತ್ತಲ್ಲ, ಹಗ್ಗದ ಮೇಲೇ ಹಾಕಿ.

ಹಂಡೆಒಲೆ
ಕೊನೆಗೆ ಹಗ್ಗಕ್ಕೇ ಬಂದ್ರಿ ನೋಡಿ.

ತುಂಗಾತೀರ
ಫ್ಯೂಸ್ ಬಂತು, ಹಾಕಿದೆ, ಮಷೀನ್ ಹೊರಟಿದೆ! ಸೀನಣ್ಣ ದುಡ್ಡೂ ತಗೊಳ್ತಿಲ್ಲ, ಈ ಕಡೆ ಬಂದಾಗ ಕಡುಬು ತಿಂದು ಹೋಗಬೇಕು. ಟವೆಲ್ ಲೋಡ್ ಮೊದಲಿಗಿಂತ ಬೇಗ ಮುಗೀತಿದೆ. ಹೊರಗಿನ ಬಾಯಿಗೆ ಕೈ ಹಿಡಿದ್ರೆ ಈಗ ಜೋರಾಗಿ ಬಿಸಿಗಾಳಿ ತಾಗುತ್ತೆ.

ಆದ್ರೆ ಮೆಶ್ ವಿಷಯಕ್ಕೆ ಮನೇಲಿ ಜಗಳ. ಮೆಶ್ ತೆಗೆದ ರಾತ್ರಿಯೇ ಪೈಪ್ ಒಳಗೆ ಪರಪರ ಸದ್ದು. ಟೆಕ್ಸಸ್ ನಿಯಮ ಟೆಕ್ಸಸ್‌ಗೆ ಸರಿ, ನಮ್ಮ ಇಲಿಗೆ ಯಾರು ಹೇಳ್ತಾರೆ?

ಪ್ಲಾನೋ_ಪದ್ಮ
ಮೆಶ್ ಬದಲು ಮುಚ್ಚಳ. ಗಾಳಿ ಬಂದಾಗ ತೆರ್ಕೊಂಡು, ನಿಂತಾಗ ತಾನೇ ಬೀಳೋ ತಗಡಿನ ಪಟ್ಟಿ ಇರೋದು ಸಿಗುತ್ತೆ. ಎಕ್ಸಾಸ್ಟ್ ಫ್ಯಾನ್ ಹೊರಗೆ ಹಾಕ್ತಾರಲ್ಲ, ಅದೇ ಥರ.

ಕಾಪಿತೋಟ_ಮೂಡಿಗೆರೆ
ನಮ್ಮ ಇಲಿಗಳು ಆ ಪಟ್ಟೀನ ಎತ್ಕೊಂಡೇ ಒಳಗೆ ಬರ್ತವೆ ಅಮ್ಮ. ಪ್ಲಾಸ್ಟಿಕ್ ಆದ್ರೆ ಕಡಿದೇ ಹಾಕ್ತವೆ. ನಾನು ಮಾಡಿರೋದು ಹೀಗೆ: ಒಂದು ಬೆರಳು ತೂರೋ ಅಷ್ಟು ದೊಡ್ಡ ಕಣ್ಣಿನ ಕಬ್ಬಿಣದ ಜಾಲರಿ, ಕೈಯಲ್ಲೇ ಕಳಚೋ ಹಾಗೆ ಎರಡು ಕೊಕ್ಕೆ. ಸಣ್ಣ ಕಣ್ಣಿನ ಸೊಳ್ಳೆ ಮೆಶ್ ಅಂತೂ ಬೇಡವೇ ಬೇಡ. ಭಾನುವಾರ ಭಾನುವಾರ ಕಳಚಿ ಒದರ್ತೀವಿ.

ಪ್ಲಾನೋ_ಪದ್ಮ
ಒಂದು ಭಾನುವಾರ ಮರೆತ್ರೆ? ಜಾಲರಿ ಯಾವ ಕಣ್ಣಿನದ್ದಾದ್ರೂ ಹತ್ತಿ ಹಿಡಿದೇ ಹಿಡಿಯುತ್ತೆ. ನಾನು ಒಪ್ಪಲ್ಲ.

ಕಾಪಿತೋಟ_ಮೂಡಿಗೆರೆ
ಇಲಿ ಒಳಗೆ ಬಂದು ವೈರ್ ಕಡಿದು ಶಾರ್ಟ್ ಆದ್ರೂ ಬೆಂಕಿಯೇ. ಎರಡರಲ್ಲಿ ಒಂದನ್ನ ನೀವು ಕಂಡಿದೀರಿ, ಇನ್ನೊಂದನ್ನ ನಾವು ಕಂಡಿದೀವಿ.

ಫೇಸ್_ನ್ಯೂಟ್ರಲ್
ನಾನು ಮಧ್ಯ ನಿಲ್ತೀನಿ. ತಗಡಿನ ಪಟ್ಟಿ ಮುಚ್ಚಳ ಹಾಕಿ, ಮಷೀನ್ ಓಡದೇ ಇರೋ ಹೊತ್ತಿಗೆ ಪೈಪಿನ ಬಾಯಿಗೆ ಹೊರಗಿಂದ ಡಬ್ಬಿ ಮುಚ್ಚಿ. ಹಾಗೆ ಮಾಡೋದಾದ್ರೆ ಸ್ಟಾರ್ಟ್ ಬಟನ್ ಪಕ್ಕ ‘ಡಬ್ಬಿ ತೆಗೆದ್ರಾ?’ ಅಂತ ದೊಡ್ಡದಾಗಿ ಬರೆದು ಅಂಟಿಸ್ಲೇಬೇಕು, ಮರೆತ್ರೆ ಮತ್ತೆ ಅದೇ ಕಥೆ. ಇನ್ನೊಂದು, ಬಗ್ಗೋ ಪ್ಲಾಸ್ಟಿಕ್ ಪೈಪ್ ಬದಲು ಅಲ್ಯೂಮಿನಿಯಂದು ಹಾಕಿಸಿ. ಮಷೀನನ್ನ ಗೋಡೆಗೆ ತೀರಾ ಒತ್ತಿ ಪೈಪ್ ಚಪ್ಪಟೆ ಮಾಡ್ಬೇಡಿ.

ಲೀಡ್ಸ್_ಕನ್ನಡಿಗ
ಮುಂದೆ ಹೊಸದು ತಗೊಳ್ಳೋದಾದ್ರೆ ಹೀಟ್ ಪಂಪ್ ಮಾದರಿ (ಅದೇ ಬಿಸಿಯನ್ನ ಒಳಗೇ ಮತ್ತೆ ಬಳಸೋದು) ನೋಡಿ. ಪೈಪೇ ಇಲ್ಲ, ಇಲಿಗೆ ದಾರಿಯೇ ಇಲ್ಲ. ಕರೆಂಟ್ ಅರ್ಧಕ್ಕಿಂತ ಕಮ್ಮಿ. ಬೆಲೆ ಜಾಸ್ತಿ, ಒಣಗೋಕೆ ಹೊತ್ತೂ ಜಾಸ್ತಿ, ನೀರು ಚೆಲ್ಲಬೇಕು.

ತುಂಗಾತೀರ
ಆಗುಂಬೆ ಪಕ್ಕ ಕೂತವರಿಗೆ ಇನ್ನೂ ನೀರಾ! ವರ್ಷಕ್ಕೆ 7,500 ಮಿ.ಮೀ. ಆಸುಪಾಸು ಮೇಲಿಂದಲೇ ಬರುತ್ತೆ.

ಕೋಡಿ_ಕಡಲು
ನಿಮ್ದೆಲ್ಲ ಆಯ್ತಲ್ಲ, ಇನ್ನ್ ನಂದ್ ಕಾಣಿ ಮರಾಯ್ರೆ. ಹಿಂಡುದ್, ಹಿಂಡು ಡಬ್ಬವೇ ಅಂದ್ಕಣಿ. ಗುಂಯ್ ಅಂತ್, ತಿರ್ಗುದಿಲ್ಲ.

ಫೇಸ್_ನ್ಯೂಟ್ರಲ್
ನಿಮ್ದು ಗುಂಯ್ ಅಂತಿದೆ ಅಂದ್ರೆ ಕರೆಂಟ್ ತಲುಪಿದೆ, ಇವರದ್ದಕ್ಕೆ ಉಲ್ಟಾ. ಪ್ಲಗ್ ತೆಗೆದು ಡಬ್ಬ ಕೈಯಲ್ಲಿ ತಿರುಗಿಸಿ. ಬಿಗಿ ಇದ್ರೆ ಬ್ರೇಕ್ ವೈರ್ ಸಡಿಲಾಗಿದೆ, ಮುಚ್ಚಳ ಹಾಕಿದ್ರೂ ಬ್ರೇಕ್ ಬಿಡ್ತಿಲ್ಲ. ಇಲ್ಲಾ ಡಬ್ಬದ ಅಡಿಗೆ ಕರ್ಚೀಫೋ ಸಾಕ್ಸೋ ಹೋಗಿ ಸುತ್ಕೊಂಡಿದೆ. ಸಲೀಸಾಗಿ ತಿರುಗಿದ್ರೆ ಕೆಪಾಸಿಟರ್. ಕಡಲ ಪಕ್ಕ ಇದೀರಿ, ಮೋಟಾರಿನ ತುದಿಗೆ ತುಕ್ಕು ಹಿಡಿದಿದ್ಯಾ ಅದನ್ನೂ ನೋಡಿ. ಕೆಪಾಸಿಟರ್ ಮೇಲೆ ಎಷ್ಟು ಮೈಕ್ರೋಫ್ಯಾರಡ್ ಬರೆದಿದೆ ಹೇಳಿ.

ಕೋಡಿ_ಕಡಲು
ಸಾಕ್ಸ್! ಮಗನ ಶಾಲೆದ್. ಹೋದ್ ವರ್ಷ ಕಳ್ದದ್ದ್.

ಪ್ಲಾನೋ_ಪದ್ಮ
ಇನ್ನೊಂದು ಸಾಕ್ಸ್ ಇಟ್ಕೊಂಡಿದೀರಾ?

ಕೋಡಿ_ಕಡಲು
ಅದ್ ಹೆಂಡ್ತಿ ನೆಲ ಒರ್ಸುಕ್ ಮಾಡ್ಕಂಡಿದ್ಳ್.